‘ಬಸವನಗುಡಿ ಮನೆಯೋರು’ ಗ್ರೂಪಲ್ಲಿ ಆಲ್ಬಮ್ ಗಲಾಟೆ

ಸುಮಕ್ಕ: ಚೇತು ಸ್ಟೇಟಸ್ಸಿಂದ ಎತ್ಕೊಂಡಿದ್ದು, ಎಲ್ಲಾರೂ ಓದಿ 👇
“ನ್ಯೂಟ್ರಲ್ ಮಿಲ್ಕ್ ಹೋಟೆಲ್ ಬ್ಯಾಂಡಿನ 1998ರ ‘ಇನ್ ದಿ ಏರೋಪ್ಲೇನ್ ಓವರ್ ದಿ ಸೀ’ ಪೂರ್ತಿ ಕೇಳ್ದೆ. ಟ್ರೋಂಬೋನು ಟ್ರಂಪೆಟ್ಟು ನುಗ್ಗಿ ಬರೋ ಕಡೆ ಮೈ ಜುಮ್ ಅನ್ನುತ್ತೆ, ಗರಗಸಕ್ಕೆ ಕಮಾನು ಎಳ್ದು ನುಡಿಸೋದೂ ಇದೆ, ಚೆನ್ನಾಗಿದೆ. ಆದ್ರೆ ಜೆಫ್ ಮ್ಯಾಂಗಮ್ ಒಂದೇ ಸಮ ಗಂಟಲು ಹರ್ಕೊಂಡು ಹಾಡ್ತಾನೆ, ಅರ್ಧಕ್ಕೆ ಬರೋಷ್ಟ್ರಲ್ಲಿ ಕಿವಿ ಸುಸ್ತು. ಒಳ್ಳೇ ಆಲ್ಬಮ್ಮೇ, ಮತ್ತೆ ಮತ್ತೆ ಹಾಕ್ಬೇಕು ಅನ್ಸಲ್ಲ.”

ಸುಮಕ್ಕ: ಗಿರಿ, ಧರ್ಮಸ್ಥಳಕ್ಕೆ ಹೋಗ್ತಾ ಕಾರಲ್ಲಿ ನೀನು ಹಾಕಿದ್ದು ಇದೇ ತಾನೇ? ನಂಗಾವತ್ತೇ ತಲೆನೋವು ಬಂದಿತ್ತು 😂

ಗಿರಿ: ಕೆಟ್ಟದಾಗಿದೆ ಅನ್ನೋಕೆ ಇವ್ನು ಯಾರು? ಆನ್ ಫ್ರಾಂಕ್ ಡೈರಿ ಓದಿ ಒಳಗೊಳಗೇ ಕಲಕಿಹೋಗಿ ಬರ್ದಿರೋ ಹಾಡುಗಳು ಅವು, ಮೆಲ್ಲಗೆ ಮುದ್ದಾಗಿ ಹಾಡಕ್ಕಾಗುತ್ತಾ. ಮ್ಯೂಸಿಕ್ ರಿವ್ಯೂ ಮಾಡೋ ವೆಬ್‌ಸೈಟ್ ಪಿಚ್‌ಫೋರ್ಕ್ ಹತ್ತಕ್ಕೆ ಹತ್ತು ಕೊಟ್ಟಿದೆ.

ಚೇತು: ಕೆಟ್ಟದು ಅಂತ ಎಲ್ಲಿ ಬರ್ದಿದೀನಿ ತೋರ್ಸು. ಹತ್ತು ಕೊಟ್ಟಿದ್ದು 2005ರಲ್ಲಿ ಮತ್ತೆ ರಿಲೀಸ್ ಆದಾಗ, 1998ರಲ್ಲಿ ಅದೇ ಪಿಚ್‌ಫೋರ್ಕ್ ಕೊಟ್ಟಿದ್ದು 8.7. ಮಧ್ಯೆ ಆ ಮ್ಯಾಂಗಮ್ ಇನ್ನೊಂದು ಆಲ್ಬಮ್ ಮಾಡ್ದೆ ಮರೆಯಾದ, ಸುತ್ತ ಕತೆ ಬೆಳೀತು. ನಾನು ಮಾರ್ಕ್ಸ್ ಕೊಡೋದು ಹಾಡಿಗೆ, ಕತೆಗಲ್ಲ.

ಮಧು: 8.7ಕ್ಕೆ ಸೋರ್ಸ್? ಲಿಂಕ್ ಹಾಕು. ಕೊರೋನಾ ಟೈಮಲ್ಲಿ ಕಷಾಯದ ಮೆಸೇಜ್ ಇಲ್ಲಿಗೆ ತಂದು ಹಾಕಿದ್ದೂ ಸುಮಕ್ಕನೇ.

ಸುಮಕ್ಕ: ಆ ಕಷಾಯ ನಿಮ್ಮಮ್ಮನೇ ಕೇಳಿ ಬರ್ಕೊಂಡ್ರು ಮಧು. ಈಗ ನಾನು ಸುಳ್ಳಿಯಾ?

ದೊಡ್ಡಪ್ಪ: ಬೆಳಬೆಳಿಗ್ಗೆ ಏನಿದು. 2005ರಲ್ಲಿ ಅರಮನೆ ಮೈದಾನದಲ್ಲಿ ಅಶ್ವತ್ಥ್ ಅವರು ‘ಕನ್ನಡವೇ ಸತ್ಯ’ ಮಾಡಿದಾಗ ಎಷ್ಟು ಜನ. ಅವರೂ ಗಂಟಲು ಬಿಚ್ಚಿ ಹಾಡುತ್ತಿದ್ದವರೇ, ಯಾರ ಕಿವಿಯೂ ಸುಸ್ತಾಗಲಿಲ್ಲ. ಮನೆಯವರನ್ನು ಹೀಗೆ ಹತ್ತು ಜನರ ಮುಂದೆ ಆಡಿಕೊಳ್ಳುವುದು ಒಳ್ಳೆಯ ಸಂಸ್ಕಾರವಲ್ಲ.

ಪುಟ್ಟ: ಅರಮನೆ ಮೈದಾನ ಅಂದ್ರೆ ನಂಗೆ 2007ರ ಐರನ್ ಮೇಡನ್ ಬ್ಯಾಂಡಿನ ಶೋನೇ ದೊಡ್ಡಪ್ಪ, ಧೂಳು ಅಂದ್ರೆ ಧೂಳು, ಮನೆಗೆ ಬಂದು ಮೂಗು ಸೀನಿದ್ರೆ ಕೆಂಪು ಮಣ್ಣು, ಆಗೆಲ್ಲಾ ಬ್ರಿಗೇಡ್ ರೋಡ್ ಮ್ಯೂಸಿಕ್ ವರ್ಲ್ಡಲ್ಲಿ ಹೆಡ್‌ಫೋನ್ ಹಾಕ್ಕೊಂಡು ಗಂಟೆಗಟ್ಲೆ ಪುಕ್ಸಟ್ಟೆ ಕೇಳ್ತಿದ್ವಿ, ಗಿರಿ ಗಿಟಾರ್ ತಗೊಂಡಿದ್ದೂ ಆವಾಗ್ಲೇ ಅಲ್ವಾ?

ಗಿರಿ: ಗಿಟಾರ್ ವಿಷ್ಯ ತೆಗೀಬೇಡ. ಒಂದು ವಾರಕ್ಕೆ ಅಂತ ಚೇತು ಇಸ್ಕೊಂಡು ಹೋಗಿದ್ದು, ವರ್ಷಗಟ್ಲೆ ಆದ್ಮೇಲೆ ನೆಕ್ ಬೆಂಡಾಗಿ ವಾಪಸ್ ಬಂತು. ಇವ್ನು ಮ್ಯೂಸಿಕ್ ಬಗ್ಗೆ ಬರೀತಾನೆ.

ಚೇತು: ನೆಕ್ ಮೊದ್ಲೇ ಬೆಂಡಿತ್ತು. ‘ಟು ಹೆಡೆಡ್ ಬಾಯ್’ ಹಾಡಲ್ಲಿ ಬರೀ ಗಿಟಾರು, ಅವ್ನ ಗಂಟಲು, ಅದು ನಂಗೆ ನಿಜ್ವಾಗ್ಲೂ ಇಷ್ಟ. ಅದೊಂದು ಇಷ್ಟ ಆಯ್ತು ಅಂತ ಇಡೀ ಆಲ್ಬಮ್ ತಲೆ ಮೇಲೆ ಹೊತ್ಕೊಂಡು ತಿರುಗ್ಬೇಕಾ?

ಗಿರಿ: ಬಾಲ್ಕನಿ ಬಿಸಿಲಲ್ಲಿ ಗೋಡೆಗೆ ಒರಗ್ಸಿ ಇಟ್ಟಿದ್ದೆ ನೀನು. ಫೋಟೋ ಇದೆ ನನ್ಹತ್ರ.

ಮಧು: ಹಾಕು ಫೋಟೋ. ಡೇಟ್ ಕಾಣೋ ಹಾಗೆ ಹಾಕು.