ಗಡಿಯಲ್ಲಿ ಹೊಸ ಊರು: ಗುಡ್ಡದ ಮೇಲೋ, ನೀರಿನ ಬದಿಗೋ?

ಪ್ರಶ್ನೆ (ಪರೀಕ್ಷಾರ್ಥಿ, ಧಾರವಾಡ): ಸರ್, 1936–39ರ ಅರಬ್ ದಂಗೆಯ ಕಾಲಕ್ಕ ಪ್ಯಾಲೆಸ್ತೀನಿನಾಗ ಯಹೂದಿಗಳು ಒಂದೇ ದಿನದಾಗ ಎಬ್ಬಿಸಿದ ‘ಗೋಡೆ–ಗೋಪುರ’ದ ಊರುಗಳ ಬಗ್ಗೆ ಓದಾಕತ್ತೇನಿ. ಜಾಗಾ ಆರಿಸೂಮುಂದ ಯಾರ ಮಾತು ನಡೀತಿತ್ತು? ಕಾವಲಿನವರದೋ, ಒಕ್ಕಲುತನದವರದೋ?

ಉತ್ತರ (ಇತಿಹಾಸ ಉಪನ್ಯಾಸಕರು, ಹುಬ್ಬಳ್ಳಿ): ಮೊದಲ ದಿನ ಕಾವಲಿನವರದೇ. ಹತ್ತಿರದ ಊರಿಗೆ ಕಾಣಬೇಕು, ಲಾರಿ ಮುಟ್ಟಬೇಕು; ಎರಡೂ ಅವರ ಷರತ್ತು. 35 ಮೀಟರ್ ಉದ್ದ, ಅಷ್ಟೇ ಅಗಲದ ಅಂಗಳ. ಮೊದಲೇ ಸಿದ್ಧ ಮಾಡಿ ತಂದ ಹಲಗೆಗಳನ್ನು ಎರಡು ಸಾಲು ನಿಲ್ಲಿಸಿ ನಡುವೆ ಗರಸು ಸುರಿದರೆ ಗೋಡೆ: ಗುಂಡು ತಡೆಯುತ್ತದೆ, ಒಣಗಲಿ ಎಂದು ಕಾಯಬೇಕಿಲ್ಲ. ಒಳಗೆ ಸರ್ಚ್‌ಲೈಟಿನ ಗೋಪುರ, 40 ಜನಕ್ಕೆ 4 ಶೆಡ್ಡು. 1938ರ ಮಾರ್ಚ್‌ನಲ್ಲಿ ಲೆಬನಾನ್ ಗಡಿಯ ಹನೀತಾದಲ್ಲಿ ಗಾಡಿದಾರಿ ಇರಲಿಲ್ಲ. ಸಾಮಾನು ಗುಡ್ಡಕ್ಕೆ ಹೊರುವಷ್ಟರಲ್ಲಿ ಕತ್ತಲಾಯಿತು, ಕೆಲಸ ಮುಗಿಯಲಿಲ್ಲ, ಆ ರಾತ್ರಿಯೇ ದಾಳಿ ಆಯಿತು.

ಮರುದಿನದಿಂದ ನೀರಿನ ಲೆಕ್ಕ ಶುರು. ತಲೆಗೆ 40 ಲೀಟರ್ ಹಿಡಿಯಿರಿ: 1,600 ಲೀಟರ್, ಅಂದರೆ ದಿನಾ ಒಂದೂವರೆ ಟನ್ನಿಗೂ ಹೆಚ್ಚು ಭಾರ ದಿಬ್ಬ ಹತ್ತಬೇಕು. ದನಗಳದು ಬೇರೆ. ಬಾವಿ ಕೆಳಗಿದ್ದು ಪಂಪು ಕೈಕೊಟ್ಟರೆ ಅಗಸಿ ತೆರೆದು ಬಯಲಿಗೆ ಇಳಿಯಲೇಬೇಕು. ಹಾಗಾಗಿ ನೀರನ್ನು ‘ನಾಗರಿಕ ವಿಷಯ’ ಎಂದು ಬದಿಗಿಡುವುದೇ ದೊಡ್ಡ ತಪ್ಪು. ಬಾವಿ ಗೋಪುರದ ಕಣ್ಣಳತೆಯಲ್ಲಿ ಇರಲೇಬೇಕು.

ಆಳಿನ ಲೆಕ್ಕ ಇನ್ನೂ ಬಿಗಿ. ರಾತ್ರಿ 12 ತಾಸು, 3 ತಾಸಿಗೊಂದು ಪಾಳಿ, ಗೋಪುರ ಮತ್ತು ಅಗಸಿಯಲ್ಲಿ ಇಬ್ಬಿಬ್ಬರು: 16 ಜನ. 40ರಲ್ಲಿ 16 ಮಂದಿಗೆ ನಿದ್ದೆಗೇಡು ಅಂದರೆ ಸುಗ್ಗಿಯಲ್ಲಿ ಕೊಯ್ಲು ಹಿಂದೆ ಬೀಳುತ್ತದೆ, ಕಾಳು ಉದುರುತ್ತದೆ. ಆ ಹದಿನೈದು ದಿನ ಹೊರಗಿನಿಂದ ಕಾವಲು ತರಿಸುವುದನ್ನು ಬಿತ್ತುವಾಗಲೇ ಗೊತ್ತುಮಾಡಿಕೊಳ್ಳಬೇಕು.

ಪ್ರಶ್ನೆ (ರೈತರು, ಹಾವೇರಿ): ಗೋಡೆ ಸುತ್ತ ಏನು ಬಿತ್ತಬೇಕ್ರಿ? ನಮ್ಮ ಗೋವಿನಜೋಳದಾಗ ಆಳು ನಿಂತ್ರೂ ಕಾಣಂಗಿಲ್ಲ.

ಉತ್ತರ: ಸರಿಯಾಗಿ ಹಿಡಿದಿರಿ, ಅಣ್ಣಾರ. ಗೋಡೆಯಿಂದ ನೂರಿನ್ನೂರು ಮೀಟರ್ ಮೊಣಕಾಲೆತ್ತರದ ಬೆಳೆಯೇ ಇರಬೇಕು. ನಮ್ಮ ಕಡೆ ಲೆಕ್ಕದಲ್ಲಿ ಶೇಂಗಾ, ಕಡಲೆ, ಹೆಸರು. ಎತ್ತರದ್ದೆಲ್ಲ ಅದರಾಚೆ. ಕಣಕಿ ಬಣವೆ ಮಾತ್ರ ಗೋಡೆಗೆ ಹತ್ತಿಸಬೇಡಿ, ಒಂದು ಕಿಡಿ ಸಾಕು. ಇನ್ನು ಎರಿ ನೆಲ ಬೆಳೆಗೆ ಬಂಗಾರ, ಮಳೆಗಾಲದ ಗಾಡಿಗೆ ಶತ್ರು. ಆದ್ದರಿಂದ ಮನೆಗಳು ಗರಸು ದಿಬ್ಬದ ಅಂಚಿಗೆ, ಹೊಲ ಕೆಳಗೆ ಎರಿಯಲ್ಲಿ.

ಪ್ರಶ್ನೆ (ಗದಗ): ಜಮೀನು ಯಾರ ಹೆಸರಿಗಿರಬೇಕು?

ಉತ್ತರ: ಕಾವಲಿಗೆಂದು ಕೊಟ್ಟ ಹೊಲ ಕಾವಲು ಮುಗಿದ ಮೇಲೆ ಯಾರದು ಎಂಬುದನ್ನು ಮೊದಲೇ ಬರೆದಿಡಬೇಕು. ಕಿತ್ತೂರು ಸೀಮೆಯ ಶೇತಸನದಿಗಳಿಗೆ ಕಾವಲಿನ ಸೇವೆಗೆ ಹೊಲ ಸಿಕ್ಕಿತ್ತು. ಸಂಸ್ಥಾನ ಬಿದ್ದ ಮೇಲೆ ಕಂಪನಿ ಸರ್ಕಾರ ಆ ಹೊಲಗಳಿಗೇ ಕೈ ಹಾಕಿತು. ಸ್ವತಃ ಶೇತಸನದಿಯಾಗಿದ್ದ ಸಂಗೊಳ್ಳಿ ರಾಯಣ್ಣ ಬಂಡೆದ್ದದ್ದಕ್ಕೆ ಅದೂ ಒಂದು ಕಾರಣ. ಪ್ಯಾಲೆಸ್ತೀನಿನಲ್ಲೂ ಹಲವೆಡೆ ನೆಲ ಮಾರಿದವರು ಜಮೀನ್ದಾರರು, ಎದ್ದು ಹೋಗಬೇಕಾದವರು ಅದನ್ನು ಉಳುತ್ತಿದ್ದ ಅರಬ್ ಗೇಣಿದಾರರು. ಜಾಗ ಆರಿಸುವ ಮೊದಲು ಕೇಳಬೇಕಾದ್ದು ಅದನ್ನೇ: ಈಗ ಇಲ್ಲಿ ಉಳುತ್ತಿರುವವರು ಯಾರು?