ಪದಚರ್ಚೆ: ‘ಭೂಕವಚದ ಬಲ’ ಎಂದರೆ ಸರಿಯೇ?

ಪ್ರಶ್ನೆ: ಭೂಭೌತಶಾಸ್ತ್ರದ ಬರಹವೊಂದರಲ್ಲಿ ‘ಫ್ಲೆಕ್ಸುರಲ್ ರಿಜಿಡಿಟಿ’, ‘ಎಫೆಕ್ಟಿವ್ ಎಲಾಸ್ಟಿಕ್ ಥಿಕ್‌ನೆಸ್’, ‘ಗ್ರಾವಿಟಿ ಅನಾಮಲಿ’ ಮೂರೂ ಒಟ್ಟಿಗೆ ಬರುತ್ತವೆ. ಇವನ್ನು ‘ಭೂಕವಚದ ಬಲ’, ‘ಪರಿಣಾಮಕಾರಿ ಸ್ಥಿತಿಸ್ಥಾಪಕ ದಪ್ಪ’, ‘ಗುರುತ್ವ ವ್ಯತ್ಯಯ’ ಎನ್ನಬಹುದೆ?

ಉತ್ತರ: ಮೊದಲನೆಯದು ಬೇಡ. ಭೂಕವಚವೆಂದರೆ ಶಾಲಾ ಪಠ್ಯಗಳಲ್ಲಿ ಕ್ರಸ್ಟ್. ಇಲ್ಲಿ ಭಾರ ಹೊತ್ತು ಬಾಗುವುದು ಶಿಲಾಗೋಳ. ಅದರಲ್ಲಿ ಕ್ರಸ್ಟ್ ಜೊತೆಗೆ ಅದರ ಕೆಳಗಿನ ಪದರವಾದ ಮ್ಯಾಂಟಲ್‌ನ ಮೇಲ್ಭಾಗವೂ ಸೇರಿದೆ. ‘ಬಲ’ವಂತೂ ಫೋರ್ಸ್‌ಗೆ ಮೀಸಲಾಗಿಬಿಟ್ಟಿದೆ. ಗಟ್ಟಿತನ ಎಂದುಕೊಂಡರೂ ಸಾಲದು: ಮುರಿಯುವ ಮುನ್ನ ತಾಳಿಕೊಳ್ಳುವ ಒತ್ತಡ ಒಂದು, ಬಾಗಲು ಒಡ್ಡುವ ಪ್ರತಿರೋಧ ಇನ್ನೊಂದು. ಬರಹ ಹೇಳುತ್ತಿರುವುದು ಎರಡನೆಯದನ್ನು, ಹಾಗಾಗಿ ‘ಬಾಗುಬಿಗಿತ’ ಎನ್ನಿ.

ಲೆಕ್ಕ ಹೀಗೆ: ಯಂಗ್ ಗುಣಾಂಕವನ್ನು (ವಸ್ತು ಹಿಗ್ಗಲು ಒಡ್ಡುವ ಪ್ರತಿರೋಧದ ಅಳತೆ) ದಪ್ಪದ ಘನದಿಂದ ಗುಣಿಸಿ, ಒಂದರಿಂದ ಪಾಯ್ಸಾನ್ ಅನುಪಾತದ (ಎಳೆದಾಗ ಅಡ್ಡಕ್ಕೆ ಎಷ್ಟು ಕುಗ್ಗುತ್ತದೆ ಎಂಬುದರ ಅಳತೆ) ವರ್ಗವನ್ನು ಕಳೆದು ಬಂದದ್ದರ 12 ಪಟ್ಟಿನಿಂದ ಭಾಗಿಸಿ. ಯಂಗ್ ಗುಣಾಂಕ 100 ಗಿಗಾಪಾಸ್ಕಲ್, ಪಾಯ್ಸಾನ್ ಅನುಪಾತ 0.25, ದಪ್ಪ 30 ಕಿ.ಮೀ. ಹಿಡಿದರೆ ಸುಮಾರು 2.4 × 10²³ ನ್ಯೂಟನ್-ಮೀಟರ್. ದಪ್ಪ ಇಮ್ಮಡಿಯಾದರೆ ಬಿಗಿತ ಎಂಟು ಪಟ್ಟು.

ಈ ಲೆಕ್ಕದ ದಪ್ಪವೇ ನಿಮ್ಮ ಎರಡನೆಯ ಪದದ್ದು; ಅದು ಬಾವಿ ಕೊರೆದು ಅಳೆಯಬಹುದಾದ ಪದರವಲ್ಲ. ನಿಜವಾದ ಶಿಲಾಗೋಳದಷ್ಟೇ ಬಾಗುವ ಒಂದು ಕಾಲ್ಪನಿಕ ಸ್ಥಿತಿಸ್ಥಾಪಕ ಫಲಕದ ದಪ್ಪ ಅದು. ‘ಪರಿಣಾಮಕಾರಿ’ ಔಷಧಕ್ಕೆ ಒಪ್ಪುತ್ತದೆ; ಇಲ್ಲಿ ‘ಸಮತುಲ್ಯ ಸ್ಥಿತಿಸ್ಥಾಪಕ ದಪ್ಪ’ ಎಂದರೆ ಅರ್ಥ ತಪ್ಪದು.

‘ವ್ಯತ್ಯಯ’ ಎಂದೊಡನೆ ಓದುಗರಿಗೆ ಕರೆಂಟು ಹೋದದ್ದು ನೆನಪಾಗುತ್ತದೆ! ಅಳೆದ ಗುರುತ್ವದಿಂದ ಲೆಕ್ಕದ ಗುರುತ್ವವನ್ನು ಕಳೆದಾಗ ಉಳಿಯುವುದಕ್ಕೆ ‘ವಿಚಲನೆ’ ಸಾಕು. ಆದರೆ ಅದು ಫ್ರೀ-ಏರ್ ವಿಚಲನೆಯೋ ಬೂಗೆ ವಿಚಲನೆಯೋ ಎಂಬುದನ್ನು ಎಂದೂ ಬಿಡಬೇಡಿ. ಮೊದಲನೆಯದರಲ್ಲಿ ಎತ್ತರಕ್ಕೆ ಮಾತ್ರ ತಿದ್ದುಪಡಿ, ಮೀಟರಿಗೆ 0.3086 ಮಿಲಿಗ್ಯಾಲ್ (ಗುರುತ್ವ ಅಳೆಯುವ ಒಂದು ಸಣ್ಣ ಏಕಮಾನ). ಎರಡನೆಯದರಲ್ಲಿ ಸಮುದ್ರಮಟ್ಟಕ್ಕೂ ಅಳೆದ ಜಾಗಕ್ಕೂ ನಡುವಿನ ಬಂಡೆಯ ಸೆಳೆತವನ್ನೂ ಕಳೆಯುತ್ತಾರೆ. ಘನಮೀಟರಿಗೆ 2670 ಕೆ.ಜಿ. ಸಾಂದ್ರತೆ ಹಿಡಿದರೆ ಮೀಟರಿಗೆ ಸುಮಾರು 0.112. ಇವೆರಡನ್ನು ಬೆರೆಸಿದರೆ ವಾಕ್ಯದ ಅರ್ಥವೇ ತಲೆಕೆಳಗು. ಟಿಬೆಟ್ ಪ್ರಸ್ಥಭೂಮಿಯ ಮೇಲೆ ಬೂಗೆ ವಿಚಲನೆ −500 ಮಿಲಿಗ್ಯಾಲ್ ಆಸುಪಾಸಿನಲ್ಲಿದ್ದರೂ ಫ್ರೀ-ಏರ್ ವಿಚಲನೆಯ ಸರಾಸರಿ ಸೊನ್ನೆಯಿಂದ ಬಹಳ ದೂರವಿಲ್ಲ.

ಬಾಗುಬಿಗಿತಕ್ಕೂ ಈ ವಿಚಲನೆಗೂ ನಂಟು ಹೀಗೆ. ಫಲಕ ಮೆತ್ತಗಿದ್ದರೆ ಪರ್ವತ ಕುಸಿದು, ಹಗುರ ಬಂಡೆಯ ಬೇರು ಕೆಳಗಿಳಿಯುತ್ತದೆ. ಆ ಬೇರಿನಲ್ಲಿರುವ ದ್ರವ್ಯರಾಶಿಯ ಕೊರತೆ ಮೇಲಿನ ಹೆಚ್ಚುವರಿ ಸೆಳೆತವನ್ನು ಬಹುಪಾಲು ಅಳಿಸುತ್ತದೆ. ಫಲಕ ಬಿಗಿಯಾಗಿದ್ದರೆ ಭಾರವನ್ನು ತಾನೇ ಹೊತ್ತು ಅಗಲಕ್ಕೆ ಹಂಚುತ್ತದೆ, ಬೇರು ಸಣ್ಣದಾಗುತ್ತದೆ, ಫ್ರೀ-ಏರ್ ವಿಚಲನೆ ಧನವಾಗಿ ಉಳಿಯುತ್ತದೆ. ಹವಾಯಿ ದ್ವೀಪಗಳ ಮೇಲೆ ದೊಡ್ಡ ಧನ ವಿಚಲನೆ, ಸುತ್ತಲಿನ ತಗ್ಗಿನ ಮೇಲೆ ಋಣ ವಿಚಲನೆ ಕಾಣುವುದು ಇದರಿಂದಲೇ.

ಭಾರದ ಅಗಲವೂ ಮುಖ್ಯ. ಸಮತುಲ್ಯ ದಪ್ಪ 30 ಕಿ.ಮೀ., ಬೇರಿಗೂ ಅದರ ಸುತ್ತಲಿನ ಮ್ಯಾಂಟಲ್‌ಗೂ ಸಾಂದ್ರತೆಯ ವ್ಯತ್ಯಾಸ ಘನಮೀಟರಿಗೆ 600 ಕೆ.ಜಿ. ಇದ್ದಾಗ ಸುಮಾರು 500 ಕಿ.ಮೀ. ತರಂಗದೂರದಲ್ಲಿ (ಸಾಲಾಗಿ ಬರುವ ಉಬ್ಬುಗಳಲ್ಲಿ ಒಂದರಿಂದ ಮುಂದಿನದಕ್ಕಿರುವ ದೂರ) ಅರ್ಧ ಸರಿದೂಗಿಕೆ, ಅಂದರೆ ಭಾರದ ಅರ್ಧವನ್ನು ಬೇರು ಸರಿತೂಗಿಸುತ್ತದೆ; ದಪ್ಪ 10 ಕಿ.ಮೀ. ಆದರೆ ಆ ಗಡಿ 220ಕ್ಕೆ ಇಳಿಯುತ್ತದೆ. ಆದ್ದರಿಂದ ‘ಬಿಗಿ ಶಿಲಾಗೋಳವಿರುವಲ್ಲಿ ಗುರುತ್ವ ಹೆಚ್ಚು’ ಎಂದು ಮೊಟಕುಗೊಳಿಸಬೇಡಿ, ತರಂಗದೂರವನ್ನು ಅದೇ ವಾಕ್ಯದಲ್ಲಿ ಹೇಳಿ. ಭಾರವನ್ನು ಬೇರು ಹೀಗೆ ಸರಿತೂಗಿಸುವ ‘ಐಸೊಸ್ಟಸಿ’ಗೆ ‘ಸಮಸ್ಥಿತಿ’ ಎಂದು ಬರೆದರೆ ಸಾಕು.