ಸಹಾಯ ಬೇಕು: ಲಿಯಾನ್‌ನಲ್ಲಿ ಮಗಳು ಹುಟ್ಟಿದ್ದಾಳೆ, ಸರ್‌ನೇಮ್ ಏನು ಬರೆಸೋದು?

ಎಲ್ಲರಿಗೂ ನಮಸ್ಕಾರ. ಮೊನ್ನೆ ಮೊದಲ ಮಗಳು ಹುಟ್ಟಿದಳು. ಫ್ರಾನ್ಸಿನಲ್ಲಿ ಹೆರಿಗೆಯಾದ 5 ದಿನದೊಳಗೆ ಪುರಸಭೆಯಲ್ಲಿ ಜನನ ಬರೆಸಲೇಬೇಕು. ಹೆರಿಗೆಯ ದಿನ ಲೆಕ್ಕಕ್ಕಿಲ್ಲ. ಗಡುವು ತಪ್ಪಿದರೆ ಕೋರ್ಟಿಗೆ ಅಲೆಯಬೇಕು.

ನನ್ನ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗವೇ ಖಾಲಿ. ನಮ್ಮವರದ್ದರಲ್ಲಿ ಅಲ್ಲಿ ಅವರ ಊರಿನ ಹೆಸರಿದೆ! ಇಲ್ಲಿನ ಕಾನೂನಲ್ಲಿ ಅಪ್ಪನದು, ಅಮ್ಮನದು ಅಥವಾ ಎರಡೂ ಸೇರಿಸಿ ಇಡಬಹುದು. ಇಬ್ಬರೂ ಸಹಿ ಮಾಡಿದ ಪತ್ರ ಕೊಡಬೇಕು. ಆದರೆ ಮೊದಲ ಮಗುವಿಗೆ ಇಟ್ಟದ್ದೇ ಮುಂದಿನ ಮಕ್ಕಳಿಗೂ. ಅದಕ್ಕೇ ಜಾಸ್ತಿ ಭಯ. ಫಾರ್ಮಲ್ಲಿ ಆ ಒಂದು ಸಾಲು ಬಿಟ್ಟು ಉಳಿದದ್ದೆಲ್ಲ ತುಂಬಿಸಿ, ತೊಟ್ಟಿಲ ಪಕ್ಕ ಇಟ್ಟುಕೊಂಡು ಕೂತಿದ್ದೇವೆ.

ಇನಿಷಿಯಲ್ ಮಾತ್ರ ಇರುವ ನಮ್ಮಂಥವರು ಇಲ್ಲಿ ಏನು ಬರೆಸಿದಿರಿ? ಆಮೇಲೆ ಮಗುವಿನ ಭಾರತದ ಪಾಸ್‌ಪೋರ್ಟಿಗೆ ತೊಂದರೆ ಆಯ್ತಾ? ದಯವಿಟ್ಟು ಇವತ್ತೇ ತಿಳಿಸಿ.